ಹಾಲನ್ನದಲ್ಲಿ ಹಾಲೆಷ್ಟು?

ಔರಾದದ ಕಪ್ಪು ನೆಲದಲ್ಲಿ ಅಕ್ಕಿ ಬೆಳೆಯುವುದು ಅಪರೂಪ. ರಾಜ್ಯದ ಉತ್ತರದ ತುತ್ತತುದಿಯ ಈ ತಾಲ್ಲೂಕು ತೊಗರಿ, ಸೋಯಾ, ಹೆಸರು, ಉದ್ದು, ಕಡಲೆ, ಜೋಳದ ಸೀಮೆ. ಆದರೂ ಅನ್ನ ಇಲ್ಲಿ ಹಬ್ಬದೂಟವಾಗಿ ಉಳಿದಿಲ್ಲ; 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದ ಮೇಲಂತೂ ರೇಷನ್ ಅಕ್ಕಿ ರೊಟ್ಟಿಯ ಬುಟ್ಟಿಯ ಪಕ್ಕದಲ್ಲೇ ಜಾಗ ಮಾಡಿಕೊಂಡಿದೆ. ಹಾಲಿನ ನಂಟು ಇನ್ನೂ ಹಳೆಯದು. ಗಡಿಯಾಚೆ ಲಾತೂರ ಜಿಲ್ಲೆಯ ದೇವಣಿ ಊರಿನ ಹೆಸರು ಹೊತ್ತ ದನದ ತಳಿಗೆ ಔರಾದ, ಭಾಲ್ಕಿ ಸೀಮೆಯೂ ತವರು. ಹೀಗೆ ಅಕ್ಕಿಯೂ ಹಾಲೂ ಕೈಗೆಟುಕುವ ಮನೆಯಲ್ಲಿ ಕೂಸಿಗೆ, ಜ್ವರ ಬಿಟ್ಟವರಿಗೆ, ಹಲ್ಲು ಬಿದ್ದ ಹಿರಿಯರಿಗೆ ಹಾಲನ್ನವೇ ಪುಷ್ಟಿಯ ಊಟ ಎಂಬ ನಂಬಿಕೆ ಬೇರೂರಿದೆ. ನಂಬಿಕೆ ಸುಳ್ಳಲ್ಲ. ಆದರೆ ಆ ಪುಷ್ಟಿಯ ಬಹುಪಾಲು ಬರುವುದು ಅಕ್ಕಿಯಿಂದಲ್ಲ, ಹಾಲಿನಿಂದ. ಪಾತ್ರೆಗೆ ಬಿದ್ದ ಹಾಲು ಎಷ್ಟೆಂದು ಕೇಳದೆ ಹಾಲನ್ನವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಅರ್ಥವಿಲ್ಲದ ಮಾತು.

ಲೆಕ್ಕ ನೋಡೋಣ. 50 ಗ್ರಾಂ ಅಕ್ಕಿಯನ್ನು ಕಾಲು ಲೀಟರ್ ಆಕಳ ಹಾಲಿನಲ್ಲಿ ಬೇಯಿಸಿದರೆ ಎರಡರಿಂದಲೂ ಹೆಚ್ಚುಕಡಿಮೆ ಸಮನಾಗಿ, ಒಟ್ಟು 350 ಕ್ಯಾಲೊರಿಯ ಆಸುಪಾಸು ಶಕ್ತಿ ಸಿಗುತ್ತದೆ. ಸಮಪಾಲು ಅಲ್ಲಿಗೆ ಮುಗಿಯಿತು. ಪ್ರೋಟೀನಿನಲ್ಲಿ ಅಕ್ಕಿಯದು 4 ಗ್ರಾಂಗೂ ಕಡಿಮೆ, ಹಾಲಿನದು 8 ಗ್ರಾಂ. ಕ್ಯಾಲ್ಸಿಯಂ ವಿಷಯದಲ್ಲಿ ಅಕ್ಕಿ ಕೊಡುವುದು 5 ಮಿಲಿಗ್ರಾಂ ಇದ್ದೀತು. ಹಾಲು ಸುಮಾರು 300 ಮಿಲಿಗ್ರಾಂ ತರುತ್ತದೆ, ಅಂದರೆ ನಾಲ್ಕೈದು ವರ್ಷದ ಮಗುವಿಗೆ ದಿನಕ್ಕೆ ಬೇಕಾದುದರಲ್ಲಿ ಅರ್ಧಕ್ಕಿಂತ ಹೆಚ್ಚು. ಕಾಳು, ಸೊಪ್ಪು, ತರಕಾರಿಯಲ್ಲಿ ಸಿಗದ ಬಿ12 ಜೀವಸತ್ವವೂ ಹಾಲಿನದೇ. ಇದಕ್ಕಿಂತ ಮುಖ್ಯವಾದದ್ದು ಪ್ರೋಟೀನಿನ ಗುಣ. ದೇಹ ತಾನೇ ತಯಾರಿಸಿಕೊಳ್ಳಲಾರದ ಲೈಸಿನ್ ಎಂಬ ಅಮೈನೊ ಆಮ್ಲ ಅಕ್ಕಿಯ ಪ್ರೋಟೀನಿನಲ್ಲಿ ನೂರಕ್ಕೆ ಮೂರೂವರೆಯಷ್ಟು ಮಾತ್ರ. ಬೆಳೆಯುವ ಮಕ್ಕಳಿಗೆ ನಾಲ್ಕೂವರೆಗಿಂತ ಹೆಚ್ಚು ಬೇಕು. ಹಾಲಿನ ಪ್ರೋಟೀನಿನಲ್ಲಿ ಅದು ಎಂಟರ ಹತ್ತಿರವಿದೆ. ಎರಡೂ ಕೂಡಿದಾಗ ಅಕ್ಕಿಯ ಕೊರತೆ ತುಂಬಿ ಮಿಗುತ್ತದೆ, ಹಾಲಿಲ್ಲದಿದ್ದರೆ ಅರೆಬರೆ ಕೆಲಸಕ್ಕೆ ಬರುತ್ತಿದ್ದ ಅಕ್ಕಿಯ ಪ್ರೋಟೀನೂ ಪೂರಾ ದುಡಿಯುತ್ತದೆ. ಇನ್ನೊಂದು ಸಣ್ಣ ಲಾಭವೂ ಉಂಟು: ಗಂಜಿ ಬಸಿದ ಅನ್ನದಿಂದ ನೀರಿನ ಜೊತೆ ಹರಿದುಹೋಗುವ ಬಿ ಗುಂಪಿನ ಜೀವಸತ್ವಗಳು ಹಾಲನ್ನದಲ್ಲಿ ಪಾತ್ರೆಯಲ್ಲೇ ಉಳಿಯುತ್ತವೆ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 1958ಕ್ಕೆ ಮುಂಚೆ ನೀಲಗಿರಿಯ ಕೂನೂರಿನಲ್ಲಿತ್ತು. 1930ರ ದಶಕದಲ್ಲಿ ಅದರ ನಿರ್ದೇಶಕರಾಗಿದ್ದ ಡಬ್ಲ್ಯು. ಆರ್. ಐಕ್ರಾಯ್ಡ್ ಮತ್ತು ಅವರ ಸಂಗಡಿಗರು ಅನ್ನವೇ ಪ್ರಧಾನವಾಗಿದ್ದ ಊಟ ಉಣ್ಣುತ್ತಿದ್ದ ದಕ್ಷಿಣ ಭಾರತದ ಮಕ್ಕಳಿಗೆ ಕೆನೆ ತೆಗೆದ ಹಾಲನ್ನು ಜೊತೆಗೆ ಕೊಟ್ಟು ನೋಡಿದರು. ಹಾಲು ಸಿಕ್ಕ ಮಕ್ಕಳು ಸಿಗದವರಿಗಿಂತ ಹೆಚ್ಚು ಎತ್ತರ ಬೆಳೆದರು, ತೂಕವೂ ಹೆಚ್ಚಿತು. ಕೆನೆ ತೆಗೆದ ಹಾಲಿನಲ್ಲಿ ಜಿಡ್ಡಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಕೆನೆಗಟ್ಟಿದ ಖೀರಿನಲ್ಲೇ ಸತ್ವವೆಲ್ಲ ಇದೆ ಎನ್ನುವವರಿಗೆ ಆ ಪ್ರಯೋಗದಲ್ಲಿ ಉತ್ತರವಿದೆ.

ತೊಂದರೆ ಇರುವುದು ನಾವು ಹಾಲನ್ನ ಮಾಡುವ ರೀತಿಯಲ್ಲಿ. ಅಕ್ಕಿಯನ್ನು ನೀರಿನಲ್ಲಿ ಬೇಯಿಸಿ, ಕೊನೆಗೆ ಅರ್ಧ ಲೋಟ ಹಾಲು ಸುರಿದು, ಮೇಲೆ ಮೂರು ಚಮಚ ಸಕ್ಕರೆ ಹಾಕಿ ಕಲಸಿದರೆ ಅದಕ್ಕೂ ಹಾಲನ್ನ ಎಂದೇ ಹೆಸರು. ಆದರೆ ಕ್ಯಾಲ್ಸಿಯಂ ಅರ್ಧಕ್ಕಿಂತ ಕೆಳಗಿಳಿಯಿತು, ಸಕ್ಕರೆಯ ಕ್ಯಾಲೊರಿ ಮೇಲೇರಿತು. ಕಾಲು ಲೀಟರ್ ಹಾಲಿನಲ್ಲಿ ಅದರದೇ ಸಕ್ಕರೆ 11 ಗ್ರಾಂನಷ್ಟಿರುತ್ತದೆ. ಕೂಸಿನ ನಾಲಿಗೆಗೆ ಅಷ್ಟು ಸಿಹಿ ಸಾಕು. ಅಕ್ಕಿಯ ಐದು ಪಾಲಿನಷ್ಟಾದರೂ ಹಾಲಿರಲಿ, ನೀರು ಬೇಕಾದರೆ ಬೇರೆ ಸೇರಲಿ. ಮಕ್ಕಳಿಗೆಂದು ಮಾಡುವಾಗ ಹಾಲನ್ನು ಗಂಟೆಗಟ್ಟಲೆ ಕುದಿಸಿ ಕೆಂಪಗೆ ಮಾಡಬೇಕಾಗಿಯೂ ಇಲ್ಲ. ಆ ಬಣ್ಣ, ಆ ಘಮ ಬರುವುದು ಹಾಲಿನ ಸಕ್ಕರೆಯೂ ಲೈಸಿನ್ನೂ ಕೂಡಿಕೊಳ್ಳುವುದರಿಂದ. ಹಾಗೆ ಕೂಡಿಕೊಂಡ ಲೈಸಿನ್ ದೇಹಕ್ಕೆ ದಕ್ಕುವುದಿಲ್ಲ.

ಇಷ್ಟಾದರೂ ಒಂದು ವಿಷಯದಲ್ಲಿ ಹಾಲನ್ನ ಬರಿಗೈ: ಕಬ್ಬಿಣ. ಮೇಲಿನ ಅಳತೆಯ ಬಟ್ಟಲಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ನಾಲ್ಕೈದು ವರ್ಷದ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ ರಕ್ತಹೀನತೆ. ರೇಷನ್ ಅಕ್ಕಿಗೆ ಕಬ್ಬಿಣ ಬೆರೆಸಿದ ಸಾರವರ್ಧಿತ ಕಾಳು ಸೇರಿಸಿದ್ದಾರಲ್ಲ ಎಂದು ಕೇಳಬಹುದು. ನಿಜ, ಕಿಲೋ ಅಕ್ಕಿಗೆ ಕನಿಷ್ಠ 28 ಮಿಲಿಗ್ರಾಂ ಕಬ್ಬಿಣ ಇರಬೇಕೆಂಬ ನಿಯಮವಿದೆ. ಆದರೆ ತೊಳೆಯುವಾಗ ತೇಲುವ ಆ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯುವವರು ಎಷ್ಟೋ ಮಂದಿ. ಎಸೆಯದೆ ಬೇಯಿಸಿದರೂ ಹಾಲಿನ ಕ್ಯಾಲ್ಸಿಯಂ ಮತ್ತು ಕೇಸಿನ್ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ಅಡ್ಡಗಟ್ಟುತ್ತವೆ. ಹಾಗಾಗಿ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯದ ಊಟದ ಜಾಗಕ್ಕೆ ಹಾಲನ್ನ ಬರಕೂಡದು. ಅದರ ಹೊತ್ತೇ ಬೇರೆ ಇರಬೇಕು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಶಾಲೆಯ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಬೆಳಿಗ್ಗೆ, ಅನ್ನ ಸಾಂಬಾರು ಮಧ್ಯಾಹ್ನ. ಉದ್ದೇಶ ಏನೇ ಇದ್ದಿರಲಿ, ಕಬ್ಬಿಣದ ಮಟ್ಟಿಗೆ ಆ ಅಂತರ ಒಳ್ಳೆಯದೇ ಆಯಿತು.

ಸಕ್ಕರೆ ಕಾಯಿಲೆಯವರ ಆಕ್ಷೇಪಕ್ಕೆ ತೂಕವಿದೆ. ಹಾಲಿನ ಪ್ರೋಟೀನು, ಜಿಡ್ಡು ಅನ್ನ ಕರಗುವ ವೇಗವನ್ನು ಕೊಂಚ ತಗ್ಗಿಸುತ್ತವೆ ನಿಜ, ಆದರೆ ಮೆತ್ತಗೆ ಬೆಂದ ಅಕ್ಕಿ ರಕ್ತದ ಸಕ್ಕರೆಯನ್ನು ಏರಿಸದೆ ಬಿಡುವುದಿಲ್ಲ. ಅವರಿಗೆ ಇದು ಚಿಕ್ಕ ಬಟ್ಟಲಿನ ತಿನಿಸು. ಹಾಲು ಕುಡಿದರೆ ಹೊಟ್ಟೆ ಉಬ್ಬುವವರು ಮೊಸರನ್ನ ಉಣ್ಣಲಿ. ಹೆಪ್ಪುಗಟ್ಟುವಾಗ ಹಾಲಿನ ಸಕ್ಕರೆಯಲ್ಲಿ ಒಂದಷ್ಟು ಕರಗಿರುತ್ತದೆ, ಕ್ಯಾಲ್ಸಿಯಂ ಹಾಗೇ ಇರುತ್ತದೆ. ಇನ್ನು ದೇವಣಿಯ ಹಾಲು ಎ2 ಹಾಲು, ಅದನ್ನೇ ಬಳಸಬೇಕು ಎನ್ನುವ ಪ್ರಚಾರ. ಆ ತಳಿಯನ್ನು ಉಳಿಸಲು ನೂರು ಕಾರಣಗಳಿವೆ, ಆದರೆ ಎ2 ಹಾಲಿಗೆ ಎರಡರಷ್ಟು ಬೆಲೆ ಕೊಡಿ ಎನ್ನುವಷ್ಟು ಗಟ್ಟಿ ಪುರಾವೆ ಇನ್ನೂ ಸಿಕ್ಕಿಲ್ಲ. ಎಮ್ಮೆಯ ಹಾಲು, ಡೇರಿಯ ಪ್ಯಾಕೆಟ್ ಹಾಲು, ಹಾಲಿನ ಪುಡಿ, ಯಾವುದಾದರೂ ಈ ಕೆಲಸಕ್ಕೆ ಆದೀತು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಔರಾದದ ಹೊಲದಿಂದಲೇ ಬರುತ್ತದೆ: ಜೋಳವಿರುವ ಊರಿನಲ್ಲಿ ಅಕ್ಕಿಗೇಕೆ ಈ ಮರ್ಯಾದೆ? ಮಾತು ಸರಿಯೇ. ಜೋಳದಲ್ಲಿ ಕಬ್ಬಿಣ ಅಕ್ಕಿಯ ಐದಾರು ಪಟ್ಟು, ನಾರು ಮೂರು ಪಟ್ಟಿಗೂ ಹೆಚ್ಚು, ಪ್ರೋಟೀನೂ ಒಂದು ಕೈ ಮೇಲೆ. ಆದರೆ ಜೋಳದ ಪ್ರೋಟೀನಿನಲ್ಲಿ ಲೈಸಿನ್ ನೂರಕ್ಕೆ ಎರಡರ ಆಸುಪಾಸು, ಅಕ್ಕಿಗಿಂತಲೂ ಕಡಿಮೆ. ಅಂದಮೇಲೆ ಹಾಲಿನ ಆಸರೆ ಅಕ್ಕಿಗಿಂತ ಜೋಳಕ್ಕೇ ಹೆಚ್ಚು ಬೇಕು. ಅಂಬಲಿಗೆ ಮಜ್ಜಿಗೆ ಬೆರೆಸುವ ರೂಢಿ ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತಲೇ ಬಂದಿದೆ. ಜೋಳದ ನುಚ್ಚನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಉಳಿದ ಕಾಲು ಭಾಗವನ್ನು ಹಾಲಿನಲ್ಲಿ ಬೇಯಿಸಿದರೆ ಅದೇ ಬಟ್ಟಲಿಗೆ ನಾರೂ ಸೇರುತ್ತದೆ. ಬೆಲ್ಲ ಹಾಕುವುದಾದರೆ ಒಲೆಯಿಂದ ಇಳಿಸಿ ಬಿಸಿ ಆರಿದ ಮೇಲೆ ಹಾಕಬೇಕು. ಇಲ್ಲವಾದರೆ ಹಾಲು ಒಡೆಯುತ್ತದೆ.