ಸಂದು ಚುಕ್ಕಿ ಇಟ್ಟರೆ ಸದ್ದು ನಿಲ್ಲುತ್ತಾ?

ನಮ್ಮ ಹಾಸ್ಟೆಲ್ ರೂಮಿನ ಕಿಟಕಿ ಹೈವೇ ಕಡೆಗಿದೆ. ಇಂಟರ್ನಲ್ಸ್ ಹಿಂದಿನ ರಾತ್ರಿ ಲಾರಿ ಸದ್ದಿಗೆ ಓದೋಕೂ ಆಗಲ್ಲ, ಮಲಗೋಕೂ ಆಗಲ್ಲ. ಕಿಟಕಿ ಮುಚ್ಚಿದರೆ ಸೆಕೆ. ಗಾಳಿ ಬಿಟ್ಟು ಸದ್ದು ಮಾತ್ರ ತಡೆಯೋಕೆ ಆಗುತ್ತಾ ಅಂತ ಹುಡುಕಿದಾಗ ಸಿಕ್ಕಿದ್ದು ಸೋನಿಕ್ ಕ್ರಿಸ್ಟಲ್, ಅಂದರೆ ಒಂದೇ ಅಂತರದಲ್ಲಿ ನಿಲ್ಲಿಸಿದ ಕೊಳವೆಗಳ ಸಾಲು.

ಮ್ಯಾಡ್ರಿಡ್‌ನಲ್ಲಿ ಯೂಸೆಬಿಯೊ ಸೆಂಪೆರೆ ಎಂಬ ಕಲಾವಿದರ ಶಿಲ್ಪವೊಂದಿದೆ. 2.9 ಸೆಂ.ಮೀ. ದಪ್ಪದ ಸ್ಟೀಲ್ ಕೊಳವೆಗಳನ್ನು 10 ಸೆಂ.ಮೀ. ಅಂತರದಲ್ಲಿ ಚೌಕವಾಗಿ ಜೋಡಿಸಿದ್ದಾರೆ. 1995ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಅದು ಸುಮಾರು 1670 ಹರ್ಟ್ಜ್ ಸದ್ದನ್ನು ಚೆನ್ನಾಗಿ ತಗ್ಗಿಸುತ್ತದೆ. ಕಾರಣ ಸರಳ. ಪ್ರತಿ ಸಾಲೂ ಸ್ವಲ್ಪ ಸದ್ದನ್ನು ಹಿಂದಕ್ಕೆ ಕಳಿಸುತ್ತದೆ. ಸಾಲುಗಳ ಅಂತರ ತರಂಗಾಂತರದ ಅರ್ಧದಷ್ಟಿದ್ದರೆ ಹಿಂದೆ ಬರುವ ಅಲೆಗಳೆಲ್ಲ ಒಟ್ಟಾಗಿ ಬಲವಾಗುತ್ತವೆ, ಮುಂದೆ ಹೋಗೋದು ಸೊರಗುತ್ತೆ. 343 ÷ (2 × 0.1) = 1715. ಲೆಕ್ಕ ಹತ್ತಿರವೇ ಬಂತು! ಹೀಗೆ ತಡೆಯಲ್ಪಡುವ ಫ್ರೀಕ್ವೆನ್ಸಿಗಳ ಪಟ್ಟಿಗೆ ಬ್ಯಾಂಡ್ ಗ್ಯಾಪ್ ಅಂತಾರೆ.

ಆದರೆ ಲಾರಿ ಎದುರಿಗೇ ನಿಂತಿರಲ್ಲ. ಓರೆಯಾಗಿ ಬಂದು, ಎದುರು ಹಾದು, ಓರೆಯಾಗಿ ಹೋಗುತ್ತೆ. ಚೌಕ ಜೋಡಣೆಯನ್ನು 45 ಡಿಗ್ರಿಯಿಂದ ನೋಡಿದರೆ ಸಾಲುಗಳು ಹತ್ತಿರವಾಗುತ್ತವೆ, ತಡೆಯುವ ಫ್ರೀಕ್ವೆನ್ಸಿ ಸುಮಾರು 1.41 ಪಟ್ಟು ಮೇಲೇರುತ್ತೆ. ಎದುರಿಗೆ ನಿಂತ ಸದ್ದು ಓರೆಯಲ್ಲಿ ನುಸುಳಿಬಿಡುತ್ತೆ.

ರಂಗೋಲಿ ನೆನಪಿಸಿಕೊಳ್ಳಿ. ನೇರ ಚುಕ್ಕಿ ಇಟ್ಟರೆ ಚೌಕ, ಸಂದು ಚುಕ್ಕಿ ಇಟ್ಟರೆ ತ್ರಿಕೋನ. ಸಂದು ಚುಕ್ಕಿಯಲ್ಲಿ ಪ್ರತಿ 60 ಡಿಗ್ರಿಗೂ ಅದೇ ನೋಟ. ದಿಕ್ಕು ಬದಲಾದರೆ ವ್ಯತ್ಯಾಸ ಸುಮಾರು 1.15 ಪಟ್ಟು ಅಷ್ಟೇ. ಆದ್ದರಿಂದ ಎಲ್ಲ ದಿಕ್ಕಿನ ಗ್ಯಾಪ್‌ಗಳು ಒಂದರ ಮೇಲೊಂದು ಕೂರೋದು ಸುಲಭ.

ಹಾಗಾದರೆ ಸಿಮೆಟ್ರಿ ಹೆಚ್ಚಿದಷ್ಟೂ ಒಳ್ಳೇದು ಅಂತ ನಾನೂ ಅಂದ್ಕೊಂಡಿದ್ದೆ. ತಪ್ಪು! ಸಿಮೆಟ್ರಿ ಪೂರ್ತಿ ಇದ್ದಾಗ ಎರಡು ಬೇರೆ ಆಕಾರದ ಅಲೆಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಅಂಟಿಕೊಂಡಿರಬಹುದು. ಅವುಗಳ ನಡುವೆ ಗ್ಯಾಪ್‌ಗೆ ಜಾಗವೇ ಇರಲ್ಲ. ಸಿಮೆಟ್ರಿಯನ್ನು ಸ್ವಲ್ಪ ಕೆಡಿಸಿದರೆ ಅವು ಬೇರೆಯಾಗುತ್ತವೆ. 1999ರಲ್ಲಿ ಸ್ಪೇನ್‌ನ ಸಂಶೋಧಕರು 4 ಸೆಂ.ಮೀ. ಕೊಳವೆಗಳನ್ನು ಜೇನುಗೂಡಿನಂತೆ ಜೋಡಿಸಿ, ಪ್ರತಿ ಷಟ್ಕೋನದ ನಡುವೆ 0.6ರಿಂದ 4 ಸೆಂ.ಮೀ.ವರೆಗಿನ ಕಂಬಗಳನ್ನು ಇಟ್ಟು ನೋಡಿದರು. ಎಲ್ಲವೂ ಒಂದೇ ದಪ್ಪ ಇರೋದಕ್ಕಿಂತ ನಡುವಿನದು ತೆಳ್ಳಗಿದ್ದಾಗ ಎಲ್ಲ ದಿಕ್ಕಿಗೂ ಅನ್ವಯಿಸುವ ಗ್ಯಾಪ್ ಅಗಲವಾಗಬಹುದು ಅಂತ ತೋರಿಸಿದರು.

ನನ್ನ ಕಿಟಕಿಗೆ? ಟೈರ್ ಸದ್ದು ಜೋರಿರುವುದು 1000 ಹರ್ಟ್ಜ್ ಆಸುಪಾಸಿನಲ್ಲಿ, ಅದಕ್ಕೆ ಸುಮಾರು 17 ಸೆಂ.ಮೀ. ಅಂತರ ಸಾಕು. 100 ಹರ್ಟ್ಜ್‌ನ ಎಂಜಿನ್ ಗುಡುಗಿಗೆ 1.7 ಮೀಟರ್ ಬೇಕು. ಅಷ್ಟು ಜಾಗ ನಮ್ಮ ರೂಮಿನಲ್ಲೇ ಇಲ್ಲ!