ಕರಡಿಗೆ ಹತ್ತು ಕಣ್ಣು

ನಗರ ಮತ್ತು ಸಮುದಾಯಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವರು ಇನ್ನೂ ಮುಗಿಯದ ಬರಹವನ್ನು ಸಹಪಾಠಿಗಳ, ಅಧ್ಯಾಪಕರ ಮುಂದಿಟ್ಟು ತಪ್ಪು ತೋರಿಸಿಕೊಳ್ಳುವ ಕೂಟಕ್ಕೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಾರ್ಯಾಗಾರ, ಅಂದರೆ ವರ್ಕ್‌ಶಾಪ್ ಎನ್ನುತ್ತಾರೆ. ಆ ಪದ ಕೇಳಿದರೆ ನಮ್ಮಲ್ಲಿ ನೆನಪಾಗುವುದು ಬ್ಯಾನರು, ದೀಪ ಬೆಳಗುವುದು, ಶಾಲು, ವಂದನಾರ್ಪಣೆ. ಇಲ್ಲಿ ಅವೊಂದೂ ಇಲ್ಲ. ಒಂದು ಉದ್ದ ಮೇಜು, ಸುತ್ತ ಹತ್ತಿಪ್ಪತ್ತು ಜನ, ಎಲ್ಲರ ಮುಂದೆಯೂ ಅಂಚಿನಲ್ಲಿ ಗೀಚಿಕೊಂಡ ಅದೇ ಒಂದು ಕರಡು.

ಪ್ರಬಂಧವನ್ನು ಕೆಲವು ದಿನ ಮೊದಲೇ ಎಲ್ಲರಿಗೂ ಕಳಿಸಿರುತ್ತಾರೆ. ಹಾಗಾಗಿ ಬರೆದವರು ಅದನ್ನು ಓದಿ ಹೇಳುವ ಗೋಜಿಲ್ಲ; ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ನಾಲ್ಕು ಮಾತು ಹೇಳಿದರೆ ಸಾಕು. ಆಮೇಲೆ ಮೊದಲೇ ಗೊತ್ತುಮಾಡಿದ ಒಬ್ಬರು, ಸಾಮಾನ್ಯವಾಗಿ ಇನ್ನೊಬ್ಬ ವಿದ್ಯಾರ್ಥಿಯೇ, ಬರಹವನ್ನು ಬಿಡಿಸಿ ಟೀಕಿಸುತ್ತಾರೆ. ಉಳಿದ ಹೊತ್ತೆಲ್ಲ ಪ್ರಶ್ನೆಗಳಿಗೆ ಮೀಸಲು. ಪ್ರೊಫೆಸರು ಬಾಯಿ ತೆರೆದ ಮೇಲೆ ಉಳಿದವರು ತೆರೆಯುವುದಿಲ್ಲವಾದ್ದರಿಂದ, ಮೊದಲ ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೇ ಬಿಡುವ ರೂಢಿ ಅನೇಕ ಕಡೆ ಇದೆ. ಒಳ್ಳೆಯ ರೂಢಿ.

ಈ ಕಾರ್ಯಾಗಾರದ ಪದ್ಧತಿ ಚೆನ್ನಾಗಿ ಬೇರುಬಿಟ್ಟ ಊರು ಶಿಕಾಗೊ. 1837ರಲ್ಲಿ ನಾಲ್ಕು ಸಾವಿರದಷ್ಟು ಜನರಿದ್ದ ಊರು 1890ಕ್ಕೆ ಹತ್ತು ಲಕ್ಷ ದಾಟಿತ್ತು, 1930ಕ್ಕೆ ಮೂವತ್ಮೂರು ಲಕ್ಷ. ಪೋಲೆಂಡ್, ಇಟಲಿ, ಐರ್ಲೆಂಡ್‌ಗಳಿಂದ ಬಂದವರು, ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಬಂದ ಕಪ್ಪು ಜನ, ಕೆಲಸ ಹುಡುಕಿ ರೈಲು ಹತ್ತಿ ಅಲೆಯುವವರು ಎಲ್ಲರೂ ಅಲ್ಲಿ ಬಂದು ಬೀಳುತ್ತಿದ್ದರು. 1892ರಲ್ಲೇ ಸಮಾಜಶಾಸ್ತ್ರ ವಿಭಾಗ ತೆರೆದ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಇಡೀ ಊರೇ ಪ್ರಯೋಗಶಾಲೆಯಾಯಿತು. ಪತ್ರಿಕಾ ವರದಿಗಾರನಾಗಿದ್ದು ಮೇಷ್ಟರಾದ ರಾಬರ್ಟ್ ಪಾರ್ಕ್, ವಿದ್ಯಾರ್ಥಿಗಳನ್ನು ಗ್ರಂಥಾಲಯದಿಂದೆಬ್ಬಿಸಿ ಬೀದಿಗೆ ಅಟ್ಟಿದರು. ನೆಲ್ಸ್ ಆ್ಯಂಡರ್ಸನ್ ಅಲೆಮಾರಿ ಕೂಲಿಗಳ ನಡುವೆ ಇದ್ದು ಬರೆದ ಪುಸ್ತಕ 1923ರಲ್ಲಿ ಬಂತು. ಸ್ವತಃ ಹಾಗೆ ಅಲೆದಿದ್ದ ಅವರಿಗೆ ಆ ಲೋಕ ಹೊಸದೇನೂ ಆಗಿರಲಿಲ್ಲ. ಫ್ರೆಡರಿಕ್ ಥ್ರಾಷರ್ 1,313 ಪುಂಡರ ಗುಂಪುಗಳನ್ನು ಲೆಕ್ಕಹಾಕಿದರು. ಹೀಗೆ ಬೀದಿಯಿಂದ ಬಂದ ಸರಕನ್ನು ಹಂಚಿಕೊಳ್ಳಲು ಪಾರ್ಕ್ 1920ರ ದಶಕದ ಆರಂಭದಲ್ಲಿ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಒಟ್ಟಿಗೆ ಕೂರುವ ಸಂಘವೊಂದನ್ನು ಕಟ್ಟಿದರು. ಇಂದಿನ ಕಾರ್ಯಾಗಾರದ ಅಜ್ಜ ಎಂದರೆ ಅದೇ.

ಆ ಬಳಗದಿಂದ ಹೊರಟ ಅತ್ಯಂತ ಹೆಸರುವಾಸಿ ಚಿತ್ರ ಅರ್ನೆಸ್ಟ್ ಬರ್ಜೆಸ್ ಅವರದು, 1925ರದು. ಕಲ್ಲು ಬಿದ್ದ ನೀರಿನ ಅಲೆಗಳಂತೆ ಒಂದರ ಸುತ್ತ ಒಂದು ವೃತ್ತ: ನಡುವೆ ವ್ಯಾಪಾರ ಕೇಂದ್ರ, ಅದಕ್ಕೆ ಅಂಟಿಕೊಂಡು ಹೊಸದಾಗಿ ಬಂದ ಬಡವರ ಹಳೆಯ ಕಟ್ಟಡಗಳು, ಆಚೆ ಕಾರ್ಮಿಕರ ಮನೆಗಳು, ಹೊರಗೆ ಹೋದಂತೆಲ್ಲ ಉಳ್ಳವರು. ಅದನ್ನು ಶಿಕಾಗೊಗೆ ಹೊಂದಿಸಿ ಬರೆದ ನಕ್ಷೆಯಲ್ಲಿ ಅಂಕುಡೊಂಕು ಗೆರೆಯೊಂದು ವೃತ್ತಗಳನ್ನು ಸೀಳಿಕೊಂಡು ಹೋಗುತ್ತದೆ. ಅದು ಮಿಷಿಗನ್ ಸರೋವರದ ದಡ. ಅಂದರೆ ಸಿದ್ಧಾಂತದ ಸುಮಾರು ಅರ್ಧ ಭಾಗ ಹುಟ್ಟಿದೂರಿನಲ್ಲೇ ನೀರಿನೊಳಗಿದೆ!

ಬೇರೆ ಊರಿಗೆ ಅದು ಹೊಂದುತ್ತದೆಯೇ ಎಂದು ನೋಡಿದವರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ನೋಯೆಲ್ ಗಿಸ್ಟ್ ಒಬ್ಬರು. ಅವರು ಆರಿಸಿಕೊಂಡದ್ದು ಬೆಂಗಳೂರನ್ನು. ಲೇಖನ ಪ್ರಕಟವಾದದ್ದು 1957ರಲ್ಲಿ. ಇಲ್ಲಿ ನಡುಬಿಂದುವೇ ಎರಡು. ಒಂದು ಕಡೆ ಚಿಕ್ಕಪೇಟೆ, ಬಳೆಪೇಟೆ, ಅಕ್ಕಿಪೇಟೆಗಳ ಹಳೆಯ ಊರು, ಇನ್ನೊಂದು ಕಡೆ ಬ್ರಿಟಿಷರ ದಂಡು. ಎರಡರ ಪುರಸಭೆಗಳೂ ಬೇರೆಬೇರೆಯಾಗಿದ್ದು, ಒಂದಾದದ್ದು 1949ರಲ್ಲಿ. ಪೇಟೆಗಳು ಕಸುಬು, ಜಾತಿಗಳ ಲೆಕ್ಕದಲ್ಲಿ ಬೆಳೆದಂಥವು. ಅಂಗಡಿಯ ಮೇಲೆಯೇ ಸಾಹುಕಾರನ ಮನೆ ಇರುವ ಊರಿನಲ್ಲಿ, ಹೊರಗೆ ಹೋದಂತೆ ಶ್ರೀಮಂತಿಕೆ ಏರುತ್ತದೆಂಬ ಮಾತು ನಿಲ್ಲುವುದಿಲ್ಲ. ಒಂದು ಊರಿನವರೇ ಸುತ್ತ ಕೂತು ಮಾತಾಡಿದರೆ ಇಂಥ ಪ್ರಶ್ನೆ ಏಳುವುದು ಕಷ್ಟ. ಬೇರೆ ಊರನ್ನು ಬಲ್ಲ ಒಬ್ಬರಾದರೂ ಮೇಜಿನ ಸುತ್ತ ಇರಬೇಕು.

ಇಂದಿನ ರೂಪದ ಕಾರ್ಯಾಗಾರಗಳು ಶಿಕಾಗೊದಲ್ಲಿ ನೆಲೆಗೊಂಡದ್ದು ವಿಶ್ವವಿದ್ಯಾಲಯವೇ ನೇಮಿಸಿದ ಬೇಕರ್ ಆಯೋಗದ 1982ರ ವರದಿಯ ನಂತರ. ತರಗತಿಗಳು ಮುಗಿದ ಮೇಲೆ ಪಿಎಚ್.ಡಿ. ವಿದ್ಯಾರ್ಥಿ ಒಂಟಿಯಾಗುತ್ತಾನೆ, ಗೈಡ್ ಒಬ್ಬರನ್ನು ಬಿಟ್ಟರೆ ಅವನ ಬರಹ ಓದುವವರಿರುವುದಿಲ್ಲ, ವರ್ಷಗಳು ಉರುಳುತ್ತವೆ ಎಂಬುದು ಆಗಿನ ಕೊರಗು. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಗರದ ವಿಷಯದಲ್ಲಂತೂ ಒಬ್ಬ ಗೈಡ್ ಸಾಲುವುದೇ ಇಲ್ಲ. ಒಂದು ಕೆರೆಯ ಒತ್ತುವರಿಯನ್ನು ತೆಗೆದುಕೊಂಡರೂ ಭೂದಾಖಲೆ ಇತಿಹಾಸದವರಿಗೆ, ನೀರಿನ ಹರಿವು ಭೂಗೋಳದವರಿಗೆ, ದಂಡೆಯ ಗುಡಿಸಲುಗಳು ಸಮಾಜಶಾಸ್ತ್ರದವರಿಗೆ ಗೊತ್ತು. ಎಲ್ಲವನ್ನೂ ಬಲ್ಲ ಒಬ್ಬರು ಸಿಗುವುದಿಲ್ಲ.

ಇಂಥ ಕೂಟಗಳಲ್ಲಿ ಜಗಳ ಹೆಚ್ಚಾಗಿ ಏಳುವುದು ಪದಗಳ ಮೇಲೆ. ವಿಲಿಯಂ ಫೂಟ್ ವೈಟ್ ಬಾಸ್ಟನ್ನಿನ ಇಟಾಲಿಯನ್ ಕೇರಿಯಲ್ಲಿ ವರ್ಷಗಟ್ಟಲೆ ಇದ್ದು, ಬೀದಿ ಮೂಲೆಯ ಹುಡುಗರ ಬಗ್ಗೆ 1943ರಲ್ಲಿ ಪುಸ್ತಕ ತಂದರು. ಅದನ್ನೇ ಶಿಕಾಗೊದಲ್ಲಿ ಪಿಎಚ್.ಡಿ.ಗೆ ಒಪ್ಪಿಸಿದಾಗ ಮೌಖಿಕ ಪರೀಕ್ಷೆಯಲ್ಲಿ ಅಲ್ಲಿನ ಪ್ರೊಫೆಸರು ಲೂಯಿಸ್ ವರ್ತ್ ಸ್ಲಂ ಎಂದರೇನು, ಲಕ್ಷಣ ಹೇಳಿ ಎಂದು ಪಟ್ಟುಹಿಡಿದರು. ಸ್ಲಮ್ಮಿನಲ್ಲಿ ಸಾಮಾಜಿಕ ಕಟ್ಟು ಸಡಿಲವಾಗಿರುತ್ತದೆ ಎಂಬುದು ಆಗಿನ ಒಪ್ಪಿತ ಮಾತು. ಕೇರಿಗೆ ತನ್ನದೇ ಕಟ್ಟುಪಾಡಿದೆ, ಹೊರಗಿನವರಿಗೆ ಕಾಣುವುದಿಲ್ಲ ಅಷ್ಟೇ ಎಂಬುದು ವೈಟ್ ಕಂಡದ್ದು.

ಹೆಸರುಗಳದು ಬೇರೆಯೇ ತೊಡಕು. ವೈಟ್ ಕೇರಿಯ ಹೆಸರನ್ನೂ ಜನರ ಹೆಸರನ್ನೂ ಬದಲಿಸಿದರು. ಮುಖ್ಯ ಮಾಹಿತಿದಾರ ಪುಸ್ತಕದಲ್ಲಿ ಬರೀ ಡಾಕ್. ಆದರೆ ಅಕ್ಕಪಕ್ಕದವರಿಗೆ ಗುರುತು ಹತ್ತದಿರುತ್ತದೆಯೇ? ಕರಡು ಓದುವ ಹೊಸಬರು ಯಾವ ವಿವರದಿಂದ ಮನುಷ್ಯ ಬಯಲಾಗುತ್ತಾನೆ ಎಂದು ಬೇಗ ಹಿಡಿಯುತ್ತಾರೆ. ಕ್ಷೇತ್ರದಲ್ಲಿ ವರ್ಷಗಟ್ಟಲೆ ಕಳೆದವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ.

ಮೇಜಿನ ಸುತ್ತ ಸಾಮಾನ್ಯವಾಗಿ ಇಲ್ಲದವರು ಬರಹದೊಳಗಿನ ಜನ. ಈಗೀಗ ಕೆಲವು ಕಡೆ ಬಡಾವಣೆಯ ಸಂಘಟನೆಗಳವರನ್ನೂ ಕರೆದು ಕೂರಿಸುತ್ತಾರೆ. ವೈಟ್ ಆ ಕಾಲಕ್ಕೇ ತಮ್ಮ ಕರಡನ್ನು ಡಾಕ್‌ಗೆ ಓದಲು ಕೊಟ್ಟು, ಕೂತು ಚರ್ಚಿಸಿ ತಿದ್ದಿಕೊಂಡರು. ಡಾಕ್‌ಗೆ ಹೆಮ್ಮೆಯೂ ಆಯಿತು, ಮುಜುಗರವೂ ಆಯಿತು. ಪುಸ್ತಕ ಹೊರಬಂದ ಮೇಲೆ ಗೆಳೆಯರು ಕೇಳಿದರೆ, ಅದರಲ್ಲಿ ದೊಡ್ಡ ದೊಡ್ಡ ಪದಗಳಿವೆ, ಅದೆಲ್ಲ ಪ್ರೊಫೆಸರುಗಳಿಗೆ ಎಂದು ಹೇಳಿ ಅವರನ್ನು ಸಾಗಹಾಕುತ್ತಿದ್ದರು.