ಆಭರಣದಲ್ಲಿ ಅಸಲು ಯಾವುದು, ನಕಲು ಯಾವುದು?

ಒಡವೆ ಮಾಡಿಸಲು ಹೊರಟವರು ಅಕ್ಕಸಾಲಿಗನ ಮುಂದೆ ಕುಳಿತು ಮೊದಲು ಆಡುವ ಮಾತು ಪ್ರಾಯಶಃ ಒಂದೇ: “ಮೊನ್ನೆ ಮದುವೆಯಲ್ಲಿ ಕಂಡೆವಲ್ಲ, ಅಂತಹುದೇ ಒಂದು ಬೇಕು.” ಹಾಗೆ ಕೇಳುವುದು ಪರರ ಬುದ್ಧಿಯನ್ನು ಕದ್ದಂತಾಗುವುದೇ ಎಂದು ವಾಚಕರೊಬ್ಬರು ನಮ್ಮನ್ನು ಕೇಳಿರುವರು. ಪ್ರಶ್ನೆಯು ಸಣ್ಣದಲ್ಲ.

ನಮ್ಮ ಒಡವೆಗಳ ಹೆಸರುಗಳನ್ನೇ ನೋಡಿರಿ. ಮಾವಿನಕಾಯಿ ಸರ, ಮಲ್ಲಿಗೆ ಮೊಗ್ಗಿನ ಸರ, ಬೋರೆಹಣ್ಣಿನಿಂದ ಹೆಸರು ಪಡೆದ ಬೋರಮಾಳ, ಹೆಡೆಯೆತ್ತಿದ ಜಡೆನಾಗರ, ಇವೆಲ್ಲವೂ ತೋಟವನ್ನೋ ಹುತ್ತವನ್ನೋ ಕಂಡು ಮಾಡಿದ ಅನುಕರಣಗಳೇ ಸರಿ. ಕಾಸಿನ ಸರವಂತೂ ಟಂಕಸಾಲೆಯಿಂದಲೇ ರೂಪವನ್ನು ಎರವಲು ತಂದಿತು. ಮೊದಲು ಮಾಡಿದವನು ಯಾರೆಂಬುದು ಯಾರಿಗೂ ತಿಳಿಯದು; ತಿಳಿಯಬೇಕೆಂದು ಯಾರೂ ಬಯಸಿದಂತೆಯೂ ಕಾಣದು.

ಅನುಕರಣವು ಯಾವಾಗ ಮೋಸವಾಗುವುದೆಂಬುದಕ್ಕೆ ಪ್ಯಾರಿಸ್ ಪಟ್ಟಣದಲ್ಲಿ ನಡೆದ ಸಂಗತಿಯೊಂದುಂಟು. 1896ರಲ್ಲಿ ಅಲ್ಲಿನ ಲೂವ್ರ್ ವಸ್ತುಸಂಗ್ರಹಾಲಯವು ಬಂಗಾರದ ಕಿರೀಟವೊಂದನ್ನು 2,00,000 ಫ್ರಾಂಕುಗಳಿಗೆ ಕೊಂಡಿತು. ಕಪ್ಪು ಸಮುದ್ರದ ತೀರದ ಓಲ್ಬಿಯಾ ಎಂಬ ಗ್ರೀಕರ ಪಟ್ಟಣದವರು ಸೈತಾಫರ್ನೆಸ್ ಎಂಬ ಅರಸನಿಗೆ ಕೊಟ್ಟ ಕಾಣಿಕೆಯಿದೆಂದು ಅದರ ಮೇಲೆಯೇ ಕೆತ್ತಿದ್ದಿತು. ಮೇಲಣ ಪಟ್ಟಿಯಲ್ಲಿ ಹೋಮರನ ಕಥೆಯ ಚಿತ್ರಗಳು, ಕೆಳಗಣ ಪಟ್ಟಿಯಲ್ಲಿ ಸಿಥಿಯನ್ ಜನರ ನಿತ್ಯಜೀವನ. ಜರ್ಮನಿಯ ಪಂಡಿತ ಫುರ್ಟ್‌ವೆಂಗ್ಲರ್ ಮೊದಲಾದವರು ಇದು ಸುಳ್ಳೆಂದು ಕೂಗಿದರೂ ಸಂಗ್ರಹಾಲಯದವರು ಒಪ್ಪಲಿಲ್ಲ.

ಏಳು ವರ್ಷಗಳ ಮೇಲೆ, 1903ರಲ್ಲಿ, ಒಡೆಸ್ಸಾದಿಂದ ಇಸ್ರೇಲ್ ರೂಖೊಮೊವ್ಸ್ಕಿ ಎಂಬ ಅಕ್ಕಸಾಲಿಗನು ಪ್ಯಾರಿಸಿಗೆ ಬಂದು, ಆ ಕಿರೀಟವನ್ನು ಮಾಡಿದವನು ತಾನೇ ಎಂದನು. ವಿದ್ವಾಂಸನೊಬ್ಬನಿಗೆ ಉಡುಗೊರೆ ಕೊಡಬೇಕೆಂದು ವ್ಯಾಪಾರಿಗಳು ಹೇಳಿ ಮಾಡಿಸಿದ್ದರಂತೆ. ಅವನು ಚಿತ್ರವಿದ್ದ ಪುಸ್ತಕಗಳನ್ನು ನೋಡಿಕೊಂಡು ಮಾಡಿದ್ದನಂತೆ. ಪಂಡಿತರು ನಂಬದಿರಲು, ಅವರ ಕಣ್ಣೆದುರಿನಲ್ಲಿಯೇ ಕುಳಿತು ಕಿರೀಟದ ಒಂದು ಭಾಗವನ್ನು ಹಾಗೆಯೇ ಮಾಡಿ ತೋರಿಸಿದನು! ತಾನು ಕಳ್ಳನಲ್ಲವೆಂದು ಸಾಧಿಸುವುದಕ್ಕೆ ತನ್ನ ಕೈಚಳಕವನ್ನೇ ಸಾಕ್ಷಿಗೆ ಕರೆಯಬೇಕಾಯಿತು, ಪಾಪ. ಅದೇ ವರ್ಷ ಅವನ ಸ್ವಂತ ಕೃತಿಗಳಿಗೆ ಅಲ್ಲಿನ ಪ್ರದರ್ಶನದಲ್ಲಿ ಪದಕವು ದೊರೆಯಿತು. ಕಿರೀಟದಲ್ಲಿ ಬಂಗಾರವು ನಿಜ, ಕೆಲಸವು ನಿಜ. ಸುಳ್ಳಾಗಿದ್ದುದು ಮಾರಿದವರು ಹೇಳಿದ ಹುಟ್ಟಿನ ಕಥೆಯೊಂದೇ.

ನಮ್ಮ ದೇಶದ 2000ನೆಯ ಇಸವಿಯ ವಿನ್ಯಾಸಗಳ ಅಧಿನಿಯಮದಂತೆ ಹೊಸ ನಮೂನೆಯನ್ನು ನೋಂದಾಯಿಸಿದವನಿಗೆ 10 ವರ್ಷ, ಬೇಕಾದರೆ ಮತ್ತೆ 5 ವರ್ಷ, ಅದರ ಮೇಲೆ ಹಕ್ಕಿರುವುದು. ಆದರೆ ಮೊದಲೇ ಜನರ ಕಣ್ಣಿಗೆ ಬಿದ್ದಿರುವ ನಮೂನೆಗೆ ಆ ಹಕ್ಕಿಲ್ಲ. ಆದುದರಿಂದ ಹಳೆಯ ಮಾವಿನಕಾಯಿ ಸರದ ಮಾದರಿ ಯಾರೊಬ್ಬರ ಸ್ವತ್ತೂ ಅಲ್ಲ. ನೆರೆಮನೆಯಾಕೆಯ ಸರವನ್ನು ನೋಡಿ ಮಾಡಿಸಿಕೊಳ್ಳುವವರು ಅಂಜಬೇಕಾದುದಿಲ್ಲ. ನೆರೆಮನೆಯಾಕೆ ಮುನಿಸಿಕೊಂಡರೆ ಅದಕ್ಕೆ ಕಾನೂನಿನಲ್ಲಿ ಮದ್ದಿಲ್ಲ.

ನಾವು ಅಂಜುವುದು ಬೇರೆಯದಕ್ಕೆ. ನಮ್ಮ ಬಂಧುಗಳೊಬ್ಬರಲ್ಲಿ ಅಜ್ಜಿಯ ಕಾಲದ ಕೆಂಪಿನ ಅಡ್ಡಿಗೆಯೊಂದಿದ್ದಿತು. ಹೆಣ್ಣುಮಕ್ಕಳು ಇಬ್ಬರು, ಅಡ್ಡಿಗೆ ಒಂದೇ. ಅಂಗಡಿಯವರು ಉಪಾಯ ಹೇಳಿದರು: ಅದರಿಂದ ರಬ್ಬರಿನ ಅಚ್ಚು ತೆಗೆದು, ಅಚ್ಚಿನಲ್ಲಿ ಮೇಣವನ್ನು ಎರೆದು, ಮೇಣದ ಸುತ್ತ ಗಚ್ಚು ಕಟ್ಟಿ, ಮೇಣವನ್ನು ಕರಗಿಸಿ ತೆಗೆದ ಎಡೆಯಲ್ಲಿ ಬಂಗಾರವನ್ನು ಹೊಯ್ದರೆ, ಒಂದರಂತೆ ನೂರು ಮಾಡಬಹುದು, ಹಳೆಯದನ್ನು ಕರಗಿಸಿ, ಸ್ವಲ್ಪ ಬಂಗಾರ ಸೇರಿಸಿದರೆ ಇಬ್ಬರಿಗೂ ಸಮನಾಗಿ ಆಗುವುದು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಾಗೆಯೇ ಮಾಡಿದರು.

ಹಳೆಯ ಅಡ್ಡಿಗೆಯನ್ನು ನಾವು ಕೈಯಲ್ಲಿ ಹಿಡಿದು ನೋಡಿದ್ದೆವು. ಎಡಬದಿಯ ಹಂಸಕ್ಕೆ ಕೊಕ್ಕು ತುಸು ಮೊಂಡು, ಬಲಬದಿಯದು ಚೂಪು. ಮಾಡಿದವನ ಉಳಿ ಜಾರಿದ್ದಿತೋ, ಅಂದು ಅವನಿಗೆ ಕಣ್ಣು ಮಂಜಾಗಿದ್ದಿತೋ. ಆ ಮೊಂಡು ಕೊಕ್ಕನ್ನು ಹಿಡಿದುಕೊಂಡೇ ಅಜ್ಜಿಯು ಕತ್ತಲೆಯಲ್ಲಿಯೂ ಕೊರಳಿಗೆ ಸರಿಯಾಗಿ ಕಟ್ಟಿಕೊಳ್ಳುತ್ತಿದ್ದಳೆಂದು ಮನೆಯವರು ಹೇಳುತ್ತಿದ್ದರು. ಅಚ್ಚು ತೆಗೆಯುವಾಗ ಅಂಗಡಿಯವರು ಅದನ್ನು ದೋಷವೆಂದೆಣಿಸಿ ತಿದ್ದಿಬಿಟ್ಟರು.

ಈಗ ಅಕ್ಕತಂಗಿಯರಿಬ್ಬರ ಅಡ್ಡಿಗೆಗಳನ್ನು ಒಂದೆಡೆ ಇಟ್ಟರೆ ಯಾವುದು ಯಾರದೆಂದು ಅವರೇ ಹೇಳಲಾರರು. ಹಿಂಬದಿಯನ್ನು ತಿರುಗಿಸಿ, ಶುದ್ಧತೆಯ ಮುದ್ರೆಯ ಪಕ್ಕದಲ್ಲಿರುವ ಆರು ಅಕ್ಷರಾಂಕಗಳ ಗುರುತನ್ನು ಭೂತಗನ್ನಡಿಯಿಂದ ಓದಿ ನೋಡಬೇಕಾಗಿದೆ.